ಕಲಶವಿಟ್ಟು ಮುಚ್ಚಿದ ಗಾಡಿ

ಮೊದಲು ವಾಯುದೇವನಿಗೆ ನಮಸ್ಕಾರ. ಕರೆಯದೆಯೂ ಒಳಗೆ ಬಂದು, ಕೇಳದೆಯೂ ಹೊರಗೆ ಹೋಗಿ, ಆ ಎರಡರ ನಡುವೆ ನಮ್ಮನ್ನು ಬದುಕಿಸಿಟ್ಟಿರುವ ಆತನಿಗೆ ನಾನು ಎಪ್ಪತ್ತನಾಲ್ಕು ವರ್ಷಗಳಿಂದ ಋಣಿ. ಆಮೇಲೆ ವರುಣನಿಗೆ, ನಮ್ಮ ಹೊನ್ನಾವರದ ಕಡೆ ಆತನ ಉಪಕಾರ ನಾಲ್ಕು ತಿಂಗಳು ತುಸು ಹೆಚ್ಚೇ ಆಗುವುದಾದರೂ ಕೃತಜ್ಞತೆಯಲ್ಲಿ ಜಿಪುಣತನ ಸಲ್ಲದು. ಕೊನೆಗೆ ನನಗೆ ಅಕ್ಷರ ಕಲಿಸಿದ ಗುರುಗಳಿಗೆ, ಮತ್ತು ಅಕ್ಷರ ಕಲಿತ ಮೇಲೂ ಉಳಿದಿದ್ದ ಅಜ್ಞಾನವನ್ನು ಒಂದು ಮಳೆಗಾಲದಲ್ಲಿ ತೊಳೆದುಕೊಟ್ಟ ತಿಮ್ಮಪ್ಪನಿಗೆ.

ತಿಮ್ಮಪ್ಪ ಯಾರೆಂಬುದನ್ನು ಹೇಳುತ್ತೇನೆ. ಅದಕ್ಕೆ ಮೊದಲು ಒಂದು ವಾಸನೆಯ ವಿಷಯ. ಇಂದು ಬೆಳಿಗ್ಗೆ ಜಪ ಮುಗಿಸಿ ಜಗಲಿಗೆ ಬಂದಾಗ, ನೀರಿನಲ್ಲಿ ನೆನೆಹಾಕಿ ಹೆಣೆದ ತೆಂಗಿನ ಗರಿಯ ವಾಸನೆ ಎದುರಾಯಿತು. ಅರ್ಧ ಹಸಿರು, ಅರ್ಧ ಕೆಸರು ಎನ್ನಬಹುದಾದ ವಾಸನೆ. ಅಂಗಳದ ಮೂಲೆಯಲ್ಲಿ ಹೆಣೆದ ಗರಿಯ ತಟ್ಟಿಗಳು ಒಂದರ ಮೇಲೊಂದು ಕುಳಿತಿದ್ದವು. ಮೃಗಶಿರೆ ಹತ್ತಿರ ಬಂತೆಂದು ನನಗೆ ಪಂಚಾಂಗ ಹೇಳುವುದಕ್ಕಿಂತ ಮೊದಲೇ ಈಚಿನ ವರ್ಷಗಳಲ್ಲಿ ಈ ತಟ್ಟಿಗಳು ಹೇಳುತ್ತವೆ. ನೀವೂ ಜಗಲಿಯಲ್ಲಿ ಕುಳಿತುಕೊಳ್ಳಿ. ಗಾಡಿ ಬರಲು ಇನ್ನೂ ಹೊತ್ತಿದೆ.

ಗಾಡಿ ಎಂದೆನಲ್ಲ, ಅದು ಗೆಳೆಯ ಇಸ್ಮಾಯಿಲ್ ಮಾಸ್ತರರದು. ಒಂದೇ ಹೈಸ್ಕೂಲಿನಲ್ಲಿ ಅವರು ಗಣಿತವನ್ನೂ ನಾನು ಸಂಸ್ಕೃತವನ್ನೂ ಕಲಿಸಿದೆವು. ಮಕ್ಕಳು ಇಬ್ಬರಿಗೂ ಸಮನಾಗಿ ಹೆದರುತ್ತಿದ್ದರು. ನಿವೃತ್ತರಾಗಿ ತಮ್ಮೂರು ಭಟ್ಕಳಕ್ಕೆ ಮರಳಿದ ಮೇಲೆ ಅವರು ಒಂದು ಹಳೆಯ ಟೆಂಪೊ ಕೊಂಡು, ಬಡಗಿಯನ್ನು ಕೂರಿಸಿಕೊಂಡು ಅದರೊಳಗೆ ಮಂಚ, ಒಲೆ, ಕೈತೊಳೆಯುವ ಬೋಗುಣಿ, ಕಪಾಟು ಎಲ್ಲವನ್ನೂ ಮಾಡಿಸಿದರು. ಇಂಥದಕ್ಕೆ ಕ್ಯಾರವಾನ್ ಎನ್ನುತ್ತಾರಂತೆ. ನಾನು ಬಹಳ ಯೋಚಿಸಿ ‘ಗೃಹರಥ’ ಎಂಬ ಹೆಸರನ್ನು ಸೂಚಿಸಿದೆ. ಯಾರೂ ಬಳಸಲಿಲ್ಲ.

ಅವರು ಅದನ್ನು ಮಾಡಿಸಿದ್ದು ಷೋಕಿಗಲ್ಲ. ಪತ್ನಿ ಮೈಮೂನಾ ಅವರಿಗೆ ಉಬ್ಬಸ. ವಸತಿಗೃಹಗಳ ತೇವ ಹಿಡಿದ ಕೋಣೆಯಲ್ಲಿ ಒಂದು ರಾತ್ರಿ ಕಳೆದರೆ ಎಂಟು ದಿನ ಉಸಿರಿಗೆ ಒದ್ದಾಟ. ಆದರೆ ಆಕೆಗೆ ಒಂದು ಆಸೆಯಿತ್ತು. ತವರಿಗೆ ಹೋಗುವಾಗಲೆಲ್ಲ ಶರಾವತಿಯ ಸೇತುವೆಯನ್ನು ದಾಟಿದವರು, ಇಷ್ಟು ದೊಡ್ಡ ಹೊಳೆ ಹುಟ್ಟುವ ಜಾಗ ಹೇಗಿದ್ದೀತು, ಒಮ್ಮೆ ನೋಡಬೇಕು ಎಂದು. ಒಣಗಿದ ಸ್ವಂತ ಹಾಸಿಗೆಯನ್ನು ಜೊತೆಗೇ ಒಯ್ದರೆ ಹೋಗಬಹುದು ಎಂದು ವೈದ್ಯರು ಒಪ್ಪಿದ್ದರು. ಮಳೆಗಾಲ ಕಳೆಯಬೇಕಿತ್ತು, ಅಷ್ಟೇ.

“ಪಂಡಿತರೇ, ನಮ್ಮ ಓಣಿಯಲ್ಲಿ ಎರಡು ಸ್ಕೂಟರು ಎದುರಾದರೆ ಒಂದು ಹಿಂದೆ ಸರೀಬೇಕು,” ಎಂದು ಆರು ವರ್ಷಗಳ ಹಿಂದೆ ಇಂಥದೇ ಒಂದು ಬೆಳಿಗ್ಗೆ ಇಸ್ಮಾಯಿಲರು ಕೀಲಿಕೈ ನನ್ನ ಕೈಗಿತ್ತರು. “ನಿಮ್ಮ ಅಂಗಳ ದೊಡ್ಡದು. ದಸರೆವರೆಗೆ ಇದನ್ನು ನೋಡ್ಕೊಳ್ಳಿ. ಒಳಗೆ ತೇವ ಹೊಕ್ಕರೆ ಮೈಮೂನಾಗೆ ಕೊಟ್ಟ ಮಾತು ಹೋಯ್ತು.”

ಒಪ್ಪಿಸಿಕೊಂಡ ವಸ್ತುವನ್ನು ಕಾಯುವುದು ಹೇಗೆಂದು ಶಾಸ್ತ್ರಗಳು ಸಾಕಷ್ಟು ಹೇಳಿವೆ. ಟೆಂಪೊದ ವಿಷಯದಲ್ಲಿ ಮಾತ್ರ ಮೌನವಾಗಿವೆ. ನಾನು ನನ್ನ ಬುದ್ಧಿಗೆ ತೋಚಿದಂತೆ ನಡೆದೆ. ಮೊದಲು, ಗೆಳೆಯರ ಅನುಮತಿ ಪಡೆದು, ವಾಹನದೊಳಗೆ ಒಂದು ಕಲಶವನ್ನಿಟ್ಟೆ. ತಾಮ್ರದ ಚೊಂಬು, ತುಂಬ ನೀರು, ಮಾವಿನೆಲೆ, ಮೇಲೊಂದು ತೆಂಗಿನಕಾಯಿ. “ಪಂಡಿತರ ಹಾರೈಕೆ ಬೇಡ ಅನ್ನಲಿಕ್ಕೆ ನಾನ್ಯಾರು?” ಎಂದು ನಕ್ಕು ಅವರು ಭಟ್ಕಳದ ಬಸ್ಸು ಹತ್ತಿದರು. ಆವಾಹನೆ ಮಾಡಿದ ಕಲಶವನ್ನು ವಿಸರ್ಜನೆಯ ತನಕ ಕದಲಿಸಬಾರದು. ಯಾತ್ರೆ ಹೊರಡುವ ದಿನವೇ ವಿಸರ್ಜಿಸಿದರಾಯಿತು ಎಂದು ನಿಶ್ಚಯಿಸಿ ಬಾಗಿಲು ಹಾಕಿದೆ. ಆಮೇಲೆ ಕಿಟಕಿಗಳ ಸಂದಿಗೆಲ್ಲ ಟೇಪು ಅಂಟಿಸಿದೆ. ಎರಡು ತಾಡಪತ್ರೆ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ಕು, ಅದರ ಮೇಲೆ ಗಾಲಿಯವರೆಗೂ ಸುತ್ತಿ ಸುತ್ತಿ ಬಿಗಿದ ಹಗ್ಗ. ಇರುವೆಗೂ ದಾರಿ ಉಳಿಯಲಿಲ್ಲ.

ನನ್ನ ಪತ್ನಿ ಬಾಗಿಲಲ್ಲಿ ನಿಂತು ನೋಡಿದಳು. “ಚೊಲೋ ಆತು. ಶಾಲು ಹೊದ್ಸಿ ಆತು, ಇನ್ನು ಕುಂಕುಮ ಹಚ್ಚದೊಂದು ಬಾಕಿ ಇದ್ದು,” ಎಂದಳು.

ಆಗಲೇ ತಿಮ್ಮಪ್ಪ ಆ ದಾರಿಯಲ್ಲಿ ಬಂದದ್ದು. ನಮ್ಮ ಮನೆಯ ಕೆಳಗೆ ಹೊಳೆಯಂಚಿನಲ್ಲಿ ಅವನ ಮನೆ. ಕಡಲಿಗೆ ಹೋಗುವುದನ್ನು ಬಿಟ್ಟಿದ್ದರೂ ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೇರಿಸಿ ಕಟ್ಟಿಡುವ ಕೆಲಸಕ್ಕೆ ಆ ಕೇರಿಯಲ್ಲಿ ಅವನೇ ಹಿರಿಯ. ಬಾಯೊಳಗಿನ ಎಲೆಯಡಿಕೆಯ ಕವಳವನ್ನು ಒಂದು ಕೆನ್ನೆಗೆ ಸರಿಸಿ, “ಎಂತ ಮಾಷ್ಟ್ರೇ ಇದು? ಹೆಣ ಕಟ್ದಂಗೆ ಕಟ್ಟಿರಿ ಅಲ್ರಾ!” ಎಂದ.

ಕಲಶ ಕುಳಿತಿರುವ ಕಡೆ ಇಂಥ ಮಾತೇ! ನನಗೆ ಸಿಟ್ಟು ಬಂತು. “ಅಶುಭ ಆಡಬೇಡ ತಿಮ್ಮಪ್ಪಾ. ಒಂದು ಹನಿ ಒಳಗೆ ಹೋಗುವುದಿಲ್ಲ, ನೋಡುತ್ತಿರು.”

“ಹೋಗುದಿಲ್ಲ, ಖರೆ. ಒಳಗಿಂದು ಹೊರಗೆ ಬರುದು ಹ್ಯಾಂಗೆ?” ಎಂದವನು ನನ್ನ ಮುಖ ನೋಡಿ, “ಆತು, ನಾ ಎಂತ ಹೇಳುದಿಲ್ಲ,” ಎಂದು ಹೊಳೆಯ ಕಡೆಗೆ ಇಳಿದುಹೋದ.

ಆ ವರ್ಷ ಮಳೆ ಚೆನ್ನಾಗಿ ಹೊಯ್ಯಿತು. ನಾನು ದಿನವೂ ಜಗಲಿಯಿಂದ ಆ ಕಟ್ಟನ್ನು ನೋಡಿ ಸಂತೋಷಪಡುತ್ತಿದ್ದೆ. ಶ್ರಾವಣದಲ್ಲಿ ನಾಲ್ಕು ದಿನ ಮಳೆ ಬಿಟ್ಟು ಹೊಳವಾದಾಗ ಇಸ್ಮಾಯಿಲರ ಫೋನು ಬಂತು. ಮೈಮೂನಾ ಕಿಟಕಿಗಳಿಗೆ ಹೊಸ ಪರದೆ ಹೊಲಿಯುತ್ತಾರಂತೆ, ಅಳತೆಗೆ ಭಾನುವಾರ ಇಬ್ಬರೂ ಬರುತ್ತಾರಂತೆ. ಶನಿವಾರ ಹಗ್ಗ ಬಿಚ್ಚಿ, ಸ್ನಾನ ಮಾಡಿ ಮಡಿಯಲ್ಲಿ ಬಾಗಿಲು ತೆರೆದೆ.

ಹೊರಬಂದ ವಾಸನೆಯನ್ನು ವರ್ಣಿಸಲು ನಾನು ಕಲಿತ ಯಾವ ಅಲಂಕಾರವೂ ಸಾಲದು. ಮಂಚದ ಹಲಗೆ, ಕಪಾಟು, ಹಾಸಿಗೆ, ಎಲ್ಲದರ ಮೇಲೂ ಹಸಿರು ಬಿಳಿ ಬೂಷ್ಟು. ಕಲಶದ ನೀರು ಅರ್ಧಕ್ಕಿಳಿದಿತ್ತು. ಉಳಿದರ್ಧ ಎಲ್ಲಿಗೆ ಹೋಯಿತೆಂಬುದು ಒಳಗಿನ ಗೋಡೆಗಳನ್ನು ಮುಟ್ಟಿದಾಗ ತಿಳಿಯಿತು. ತೆಂಗಿನಕಾಯಿಗೆ ಗಡ್ಡ ಬಂದಿತ್ತು. ತಾಡಪತ್ರೆಯ ಕೆಳಗೆ, ನೆಲದ ಹಸಿ ಮೇಲೇರಿ, ತಗಡು ಬೆವರುತ್ತಿತ್ತು. ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಒಬ್ಬ ಹೆಂಗಸಿನ ಆಸೆಯನ್ನು ಇಷ್ಟು ಭಕ್ತಿಯಿಂದ ಕೆಡಿಸಿದವರು ನನ್ನಂತೆ ಇನ್ನಾರಿದ್ದಾರು?

ಮಾನ ಬಿಟ್ಟು ತಿಮ್ಮಪ್ಪನನ್ನು ಕರೆತಂದೆ. ಅವನು ಒಳಗೆ ಇಣುಕಿ ನಗಲೂ ಇಲ್ಲ. “ಮಾಷ್ಟ್ರೇ, ಹೊದ್ಸುದು ಬೇರೆ, ಮುಚ್ಚುದು ಬೇರೆ. ಮಗೂಗೆ ಕಂಬಳಿ ಹೊದ್ಸ್ತ್ರಿ. ಮುಖ ಮುಚ್ತ್ರಾ?” ಎಂದ.

ಮೂವತ್ತೈದು ವರ್ಷ ಧಾತುಗಳ ಅರ್ಥಭೇದವನ್ನು ಪಾಠ ಹೇಳಿದವನು ನಾನು. ಮನೆಯ ಮಾತಿನ ಈ ಎರಡು ಕ್ರಿಯಾಪದಗಳನ್ನು ಅಂದಿನವರೆಗೆ ಒಂದೇ ಎಂದುಕೊಂಡಿದ್ದೆ.

ಭಾನುವಾರ ಬಂದ ಮೈಮೂನಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಂಗಳದಾಚೆಯೇ ನಿಂತರು. ಅಷ್ಟು ದೂರಕ್ಕೂ ಕೆಮ್ಮು ಬಂತು. ನಾನು ಕಲಶದ ಕಥೆಯನ್ನೆಲ್ಲ ಬಿಡದೆ ಒಪ್ಪಿಕೊಂಡೆ. ಇಸ್ಮಾಯಿಲರು ಹೊಳೆಯ ಕಡೆ ನೋಡುತ್ತ ನಿಂತರು. ಆಕೆ ಉಸಿರು ಹಿಡಿತಕ್ಕೆ ಬಂದ ಮೇಲೆ ನಕ್ಕರು. “ಪಂಡಿತ ಭಾವ, ನೀವು ಸಂಸ್ಕೃತದಲ್ಲಿ ಮುಚ್ಚಿದ್ದೀರಿ, ಇನ್ನು ತಿಮ್ಮಪ್ಪ ಕನ್ನಡದಲ್ಲಿ ತೆಗೀಲಿ. ನವರಾತ್ರಿಗೆ ಬರ್ತೇನೆ. ಒಳಗೆ ಕೂತು ಇಪ್ಪತ್ತು ಸಲ ಉಸಿರು ತಕ್ಕೊಳ್ತೇನೆ. ಕೆಮ್ಮು ಬರಲಿಲ್ಲ ಅಂದ್ರೆ ಹೊರಡುವುದು. ಬಂದ್ರೆ, ಏನ್ರೀ, ಇದನ್ನ ಮಾರಿಬಿಡಿ,” ಎಂದು ಗಂಡನಿಗೆ ಹೇಳಿದರು.

ಅಂದಿನಿಂದ ತಿಮ್ಮಪ್ಪ ಗುರು, ನಾನು ಶಿಷ್ಯ. ಪ್ರತಿಯೊಂದಕ್ಕೂ ಯಾಕೆಂದು ಕೇಳಿದೆ. ಅವನು ಪ್ರತಿಯೊಂದಕ್ಕೂ ದೋಣಿಯನ್ನೇ ಉದಾಹರಿಸಿದ. ಗಾಲಿಗಳನ್ನು ಮಣ್ಣಿನಿಂದೆತ್ತಿ ತೆಂಗಿನ ದಿಮ್ಮಿಯ ಮೇಲೆ ನಿಲ್ಲಿಸಿದೆವು. ಮುಂಭಾಗವನ್ನು ಎರಡು ಬೆರಳು ಎತ್ತರಿಸಿದೆವು. ಮಾಡಿನ ಮೇಲೆ ನೀರು ನಿಲ್ಲಬಾರದಂತೆ. ಗಾಳಿ ಬರುವ ನೈಋತ್ಯಕ್ಕೆ ಮುಖ. ಅಡ್ಡ ನಿಂತದ್ದನ್ನು ಗಾಳಿ ಕೆಡವುತ್ತದೆ, ಎದುರು ನಿಂತದ್ದನ್ನು ಸವರಿ ಹೋಗುತ್ತದೆ. ಕಡಲಗಾಳಿಯ ಉಪ್ಪನ್ನು ಬಾವಿನೀರಿನಿಂದ ತೊಳೆದು, ಬಿದಿರಿನ ಹಂದರ ಹೂಡಿ, ತಗಡಿಗೂ ತಟ್ಟಿಗೂ ನಡುವೆ ಒಂದು ಮೊಳ ಬಿಟ್ಟು ಗರಿಯ ಮಾಡು ಹೊದಿಸಿದೆವು. ಹಿಂದೆ ಮುಂದೆ ತೆರವು. ಒಳಗೆ ಬೇವಿನ ನೀರಿನಿಂದ ಒರೆಸಿ, ಹೊಳವಾದಾಗಲೆಲ್ಲ ಬಾಗಿಲು ತೆರೆದು, ಮೂಲೆಗಳಲ್ಲಿ ಇದ್ದಿಲನ್ನೂ ಸುಣ್ಣದ ಗಟ್ಟಿಯನ್ನೂ ತಟ್ಟೆಯಲ್ಲಿಟ್ಟೆವು. ಹಳೆಯ ಹಾಸಿಗೆ ಉಳಿಯಲಿಲ್ಲ. ನನ್ನ ಪತ್ನಿ ಹೊಸ ಹತ್ತಿ ತುಂಬಿಸಿ ಅಡುಗೆಮನೆಯ ಅಟ್ಟದ ಮೇಲೆ ಒಣಗಿಸಿದಳು.

“ಕಲಶ ಬೇಡ್ವಾ, ಮಾಷ್ಟ್ರೇ?” ಎಂದು ತಿಮ್ಮಪ್ಪ ದಿನಕ್ಕೊಮ್ಮೆ ಕೇಳುತ್ತಿದ್ದ.

ನವರಾತ್ರಿಯ ಅಷ್ಟಮಿಯ ಬೆಳಿಗ್ಗೆ ಮೈಮೂನಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವು ನಾಲ್ವರು ಹೊರಗೆ. ಇಸ್ಮಾಯಿಲರು ಗಣಿತದವರಲ್ಲವೇ, ಬೆರಳು ಮಡಿಸಿ ಎಣಿಸುತ್ತಿದ್ದರು. ನನ್ನ ಬಾಯಿಗೆ ಯಾವ ಸ್ತೋತ್ರವೂ ಬರಲಿಲ್ಲ. ಹದಿನೇಳೋ ಹದಿನೆಂಟೋ ಆಗಿದ್ದೀತು, ಕೆಮ್ಮು ಕೇಳಿಸಿತು. ಇಸ್ಮಾಯಿಲರ ಬೆರಳು ನಿಂತುಹೋಯಿತು. ಆಗ ನನ್ನ ಪತ್ನಿ, “ಅಯ್ಯೋ, ಕೆಮ್ಮಿದ್ದು ತಿಮ್ಮಪ್ಪ!” ಎಂದಳು. ಕವಳ ನೆತ್ತಿಗೇರಿ ಅವನ ಕಣ್ಣಲ್ಲಿ ನೀರು ಬಂದಿತ್ತು. ಬಾಗಿಲು ತೆರೆಯಿತು. “ಇಪ್ಪತ್ತಾಯ್ತು. ಯಾರು, ತಿಮ್ಮಪ್ಪನೋ? ಅವನನ್ನು ಮಾತ್ರ ಕರ್ಕೊಂಡು ಹೋಗುವುದಿಲ್ಲ,” ಎಂದರು ಮೈಮೂನಾ.

ವಾರ ಕಳೆದು ಅವರು ಶರಾವತಿ ಹುಟ್ಟುವ ಅಂಬುತೀರ್ಥದಿಂದ ಮರಳಿದರು. ಆಕೆ ಅಲ್ಲಿನ ನೀರು ತುಂಬಿದ ಸಣ್ಣ ಸೀಸೆಯೊಂದನ್ನು ನನ್ನ ಕೈಗಿಟ್ಟು, “ಭಾವ, ಇಲ್ಲಿ ಕಡಲಿನಷ್ಟಗಲ ಇದ್ದದ್ದು ಅಲ್ಲಿ ನನ್ನ ಕೊಡ ತುಂಬುವಷ್ಟೂ ಇಲ್ಲ. ಮೇಲೆ ಮುಚ್ಚಿದ್ದರೆ ಅಲ್ಲೇ ಉಳೀತಿತ್ತೋ ಏನೋ,” ಎಂದರು. ಆ ಮಾತನ್ನು ಆಮೇಲೆ ಎಷ್ಟೋ ಸಲ ನೆನೆದಿದ್ದೇನೆ.

ಅಗೋ, ಗಾಡಿ ತಿರುವಿಗೆ ಬಂತು. ನಮ್ಮ ಅಂಗಳದಲ್ಲಿ ಇದು ಅದರ ಏಳನೆಯ ಮಳೆಗಾಲ. ತಿಮ್ಮಪ್ಪ ಈಗ ಕೆಳಗೆ ಕುಳಿತೇ ಅಪ್ಪಣೆ ಕೊಡುತ್ತಾನೆ. ತಟ್ಟಿ ಏರಿಸುವವನು ನಾನು. ಕಲಶ ನಮ್ಮ ದೇವರ ಕೋಣೆಯಲ್ಲೇ ಕುಳಿತಿದೆ. ನಿನ್ನೆ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕಬ್ಬಿಣದ ಕಪಾಟಿನಲ್ಲಿಟ್ಟಿದ್ದ ಅಜ್ಜನ ತಾಳೆಗರಿಯ ಗ್ರಂಥಗಳನ್ನೂ ಹೊರಗೆ ತೆಗೆದೆ. ಹತ್ತಿಯ ಬಟ್ಟೆ ಸುತ್ತಿ ಗಾಳಿಯಾಡುವ ಕಡೆ ಇಟ್ಟಿದ್ದೇನೆ. ಆರು ವರ್ಷ ತಡವಾಯಿತು, ಶಿಷ್ಯ ನಿಧಾನಿ.

ಗರಿ ಹೆಣೆದ ಕೈಗಳಿಗೆ ಬಲವಿರಲಿ. ಹತ್ತಿ ತುಂಬಿದವಳ ನಾಲಗೆ ಹೀಗೆಯೇ ಹರಿತವಾಗಿರಲಿ. ಮಾತು ಕೊಟ್ಟ ಗೆಳೆಯನಿಗೆ ದಾರಿ ಸುಗಮವಾಗಲಿ. ಮೈಮೂನಾ ಅವರ ಎದೆಯಲ್ಲಿ ಗಾಳಿ ಸಲೀಸಾಗಿ ಬಂದು ಹೋಗಲಿ. ಇಷ್ಟು ಹೊತ್ತು ಜೊತೆಗೆ ಕುಳಿತ ನಿಮ್ಮ ಎದೆಯಲ್ಲಿಯೂ. ಎಲ್ಲರ ಮೇಲೆ ಹೊದಿಕೆಯಿರಲಿ, ಯಾರ ಮೇಲೂ ಮುಚ್ಚಳ ಬೀಳದಿರಲಿ.