ಸೊರಬದ ಓರೆ ಬೋರ್ಡು

ಸೊರಬದ ಜನರೆಲ್ಲ ಸೇರಿ ನನ್ನ ಗೆಳೆಯರೊಬ್ಬರ ಅಂಗಡಿ ಬೋರ್ಡನ್ನು ಓರೆ ಮಾಡಿದ್ದಾರೆ. ಯಾಕೆ ಗೊತ್ತೇ? ಅದು ನೆಟ್ಟಗಿರಲಿ ಎಂದು!

ಶುರುವಾದದ್ದು ಒಂದು ಪುಸ್ತಕದಿಂದ. ಶಿವಮೊಗ್ಗದ ಸ್ನೇಹಿತರೊಬ್ಬರು ಓದಲು ಕೊಟ್ಟದ್ದು. ರಷ್ಯಾದಲ್ಲಿ ಕ್ರಾಂತಿಯಾದ ಹೊಸತರಲ್ಲಿ ಗೋಡೆಗೋಡೆಗೆ ಅಂಟಿಸುತ್ತಿದ್ದ ಪೋಸ್ಟರುಗಳೇ ಅದರ ತುಂಬ. ಒಂದು ಕೆಂಪು ವೃತ್ತ. ಅದನ್ನು ಸೀಳುವ ಕಪ್ಪು ಪಟ್ಟಿ. ಮೂಲೆಯಿಂದ ಮೂಲೆಗೆ ಓರೆಯಾಗಿ ಏರುವ ದಪ್ಪ ಅಕ್ಷರ. ಹೂವಿಲ್ಲ, ಬಳ್ಳಿಯಿಲ್ಲ. (ಓದಲು ಬಾರದ ಭಾಷೆ ಎಂಬುದೇ ಮರೆತುಹೋಗಿತ್ತು.)

ಶಿಕಾರಿಪುರದಲ್ಲಿ ಸೊರಬದ ಬಸ್ಸು ಹತ್ತಿದರೆ ಕಿಟಕಿಯಾಚೆಯೂ ಅದೇ! ಗದ್ದೆಯೆಲ್ಲ ತ್ರಿಕೋನ, ಬದುವೆಲ್ಲ ಗೆರೆ, ಮೇಲೆ ಕೆಂಪು ವೃತ್ತದಂಥ ಸೂರ್ಯ. ಯಾರೋ ಸ್ಕೇಲು, ಕೈವಾರ ಹಿಡಿದು ನಮ್ಮ ಸೀಮೆಯನ್ನೇ ಬರೆದಿಟ್ಟಂತಿತ್ತು. ಸೊರಬ ಬರುವವರೆಗೂ ಕಣ್ಣು ಬಿಟ್ಟುಕೊಂಡೇ ಕನಸು ಕಂಡೆ.

ಅಲ್ಲಿ ನನ್ನ ಗೆಳೆಯರಾದ ಟೈಲರ್ ಕರೀಂ ಸಾಹೇಬರು ಬಸ್ ಸ್ಟ್ಯಾಂಡಿನೆದುರು ಹೊಸ ಅಂಗಡಿ ಹಾಕುತ್ತಿದ್ದರು. ಅಣ್ಣನೊಂದಿಗೆ ಜಗಳವಾಡಿ ಬೇರೆಯಾದವರು. ಇದು ನಡೆಯದಿದ್ದರೆ ತಲೆ ತಗ್ಗಿಸಿಕೊಂಡು ಮತ್ತೆ ಅಣ್ಣನ ಅಂಗಡಿಗೇ ಹೋಗಬೇಕು. ಆದರೂ ಬೋರ್ಡು ಆ ಪೋಸ್ಟರುಗಳಂತಿರಲಿ ಎಂಬ ನನ್ನ ಮಾತು ನಂಬಿ, ಕೆಂಪು ವೃತ್ತದ ಮೇಲೆ ಓರೆ ಅಕ್ಷರದಲ್ಲಿ ಹೆಸರು ಬರೆಸಿ, ಬೋರ್ಡನ್ನು ತಂತಿ ಕಟ್ಟಿ ಮೊಳೆಗೆ ತೂಗುಹಾಕಿದರು.

ಮೊನ್ನೆ ಹೋಗಿ ನೋಡಿದರೆ ಅಕ್ಷರಗಳು ನೆಟ್ಟಗಿವೆ, ಬೋರ್ಡೇ ಓರೆ!

"ಏನ್ ಮಾಡ್ಲಿ ಮಾರಾಯ್ರೆ," ಎಂದರು ಕರೀಂ ಸಾಹೇಬರು. "ಬಸ್ಸಿಂದ ಇಳಿದೋರೆಲ್ಲ ಬಂದು 'ಸಾಹೇಬ್ರೆ, ನಿಮ್ ಬೋರ್ಡು ವಾಲಿದೆ' ಅಂತಾರೆ. ಬೇಡ ಅನ್ನೋದ್ರೊಳಗೆ ಸ್ಟೂಲ್ ಹತ್ತಿ ತಿರುಗಿಸಿಬಿಡ್ತಾರೆ. ನಾನು ಮತ್ತೆ ಮೊದಲಿನ ಹಾಗೆ ಇಟ್ರೆ ಇನ್ನೊಬ್ರು ಬರ್ತಾರೆ!"

ನಾನು ಗಾಬರಿಯಿಂದ ಕೇಳಿದೆ, "ಹಾಗಾದ್ರೆ ವ್ಯಾಪಾರದ ಗತಿ ಏನ್ರೀ?"

"ಅದನ್ನೇ ಹೇಳ್ತಿರೋದು. ಸ್ಟೂಲ್ ಹತ್ತಿದೋರನ್ನ ಚಾ ಕೊಡದೆ ಕಳ್ಸಕ್ಕಾಗುತ್ತಾ? ಚಾ ಕುಡಿಯೋಕೆ ಕೂತೋರು ಅಳತೆ ಕೊಟ್ಟೇ ಏಳೋದು!"

ಮೇಜಿನ ಮೇಲೆ ಹೊಲಿಯಬೇಕಾದ ಬಟ್ಟೆ ರಾಶಿ ಬಿದ್ದಿತ್ತು. ನೋಡಿ ಮನಸ್ಸು ತುಂಬಿ ಬಂತು. ದಾರಿಹೋಕರನ್ನು ಒಂದು ಗಳಿಗೆ ನಿಲ್ಲಿಸಬೇಕೆಂದು ಆ ರಷ್ಯಾದ ಕಲಾವಿದರು ಎಷ್ಟು ಗೆರೆ ಓರೆ ಮಾಡಿದ್ದರೋ! ನಮ್ಮವರು ನಿಲ್ಲುವುದೇನು, ಸ್ಟೂಲನ್ನೇ ಹತ್ತುತ್ತಾರೆ.

ನಾನು ಹೊರಟಾಗ ಕರೀಂ ಸಾಹೇಬರು ಬೋರ್ಡನ್ನು ಮತ್ತೆ ಸರಿಯಾಗಿ (ಅಂದರೆ ಊರಿನ ಲೆಕ್ಕದಲ್ಲಿ ತಪ್ಪಾಗಿ) ತಿರುಗಿಸಿಟ್ಟರು. ಬಸ್ಸಿನಿಂದ ತಿರುಗಿ ನೋಡಿದೆ. ಸಂಜೆ ಬಿಸಿಲಲ್ಲಿ ಕೆಂಪು ವೃತ್ತ ಹೊಳೆಯುತ್ತಿತ್ತು. ಪಂಚೆ ಎತ್ತಿ ಕಟ್ಟಿದ ಹಿರಿಯರೊಬ್ಬರು ಕತ್ತು ವಾಲಿಸಿ ಅದನ್ನೇ ನೋಡುತ್ತ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು.

ಅಕ್ಷರ ನೆಟ್ಟಗಿದ್ದಿದ್ದರೆ ಅವರು ತಲೆ ಎತ್ತುತ್ತಿದ್ದರೇ?