ನಸೀಮಾ ಆಪಾಗೆ ಎಟುಕದ ರಿಷಭ

"ಯಾರ ಮನೆ ಮಿಕ್ಸಿ ಅದು?"

ಅಡುಗೆಮನೆಯಿಂದ ಮರ್ಸಿ ಟೀಚರ್ ಕೂಗಿದರು. ಅದು ಮಿಕ್ಸಿ ಅಲ್ಲ, ನನ್ನ ಮೊಬೈಲಿನ ತಂಬೂರಿ ಆ್ಯಪ್. ಅದನ್ನು ಹಾಕಿಕೊಂಡು ನಾನು ಅವರ ಹಳೆಯ ಪಿಯಾನೋ ಮೇಲೆ ಜಾಝ್ ಅಭ್ಯಾಸ ಮಾಡುತ್ತಿದ್ದೆ.

ನಗಬೇಡಿ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವಳು ನಾನು. ಸೀನಿಯರ್ ಪರೀಕ್ಷೆ ಪಾಸು (ಇದನ್ನು ಮನೆಯಲ್ಲಿ ಆಗಾಗ ನೆನಪಿಸುತ್ತಿರುತ್ತೇನೆ, ಯಾರೂ ಕೇಳದಿದ್ದರೂ). ಶ್ರುತಿ ಇಲ್ಲದೆ ಹಾಡುವುದೆಂದರೆ ನಮ್ಮಂಥವರಿಗೆ ಸ್ನಾನ ಮಾಡದೆ ದೇವರ ಮನೆಗೆ ಹೋದ ಹಾಗೆ. ಜಾಝ್ ಆದರೇನು, ಶ್ರುತಿ ಬೇಡವೇ?

ಟೀಚರ್ ಕೈ ಒರೆಸಿಕೊಳ್ಳುತ್ತಾ ಬಂದು ಫೋನ್ ಆಫ್ ಮಾಡಿದರು.

"ಸುಮಾ, ನಿನ್ ಮ್ಯೂಸಿಕ್‌ನಲ್ಲಿ ಸ ಒಂದ್ಕಡೆ ಕೂತಿರತ್ತೆ, ಬೇರೆಯೋರೆಲ್ಲ ಅದ್ರ ಸುತ್ತ ಓಡಾಡ್ತಾರೆ. ಇಲ್ಲಿ ನೆಲಾನೇ ಓಡಾಡತ್ತೆ ಮಾ. ಇದನ್ನೂ ಹಾಕ್ಕೊಂಡು ಅದನ್ನೂ ನುಡಿಸಿದ್ರೆ ಎರಡೂ ಜಗಳ ಆಡಲ್ವಾ?"

ಹೌದು, ಆಡುತ್ತಿದ್ದವು. ನನಗೂ ಕೇಳಿಸುತ್ತಿತ್ತು. ಆದರೆ ತಪ್ಪು ಪಿಯಾನೋದ್ದು ಅಂದುಕೊಂಡಿದ್ದೆ.

ಮರ್ಸಿ ಟೀಚರ್ ಮನೆ ರಿಚರ್ಡ್ಸ್ ಟೌನಿನಲ್ಲಿ. ಶಾಲೆಯೊಂದರಲ್ಲಿ ಸಂಗೀತ ಕಲಿಸಿ ರಿಟೈರ್ ಆದವರು. ಈಗ ಶನಿವಾರ ಬೆಳಿಗ್ಗೆ ಮನೆಯ ಮುಂದಿನ ಕೋಣೆಯಲ್ಲಿ ನಮ್ಮಂಥ ನರೆಗೂದಲಿನ ವಿದ್ಯಾರ್ಥಿಗಳಿಗೆ ಕ್ಲಾಸ್. ಹೊಸ ತಿಪ್ಪಸಂದ್ರದಿಂದ ಅಲ್ಲಿಗೆ ಹೋಗಿಬರುವುದೇ ಒಂದು ಸಾಹಸ. "ಈ ವಯಸ್ಸಲ್ಲಿ ಜಾಝಾ?" ಎಂದರು ನಮ್ಮ ಮನೆಯವರು. ಈ ವಯಸ್ಸಿನಲ್ಲಿ ಅವರು ಕ್ರಿಕೆಟ್ ಬ್ಯಾಟ್ ಕೊಂಡಿದ್ದನ್ನು ನೆನಪಿಸಿದೆ. 

ಜಾಝ್‌ನ ಬಾಲಪಾಠಕ್ಕೆ ಟೂ-ಫೈವ್-ಒನ್ ಎಂದು ಹೆಸರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ರಿ, ಪ, ಸ. ಮೊದಲು ರಿ ಮೇಲೆ ಕಟ್ಟಿದ ಕಾರ್ಡ್, ಆಮೇಲೆ ಪ ಮೇಲೆ ಕಟ್ಟಿದ್ದು, ಕೊನೆಗೆ ಸ. (ಕಾರ್ಡ್ ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ಒತ್ತುವುದು, ಅಷ್ಟೆ.) ರಿ ಅಂದರೆ ಮನೆ ಕಡೆ ಹೊರಟಿದ್ದೀರಿ. ಪ ಅಂದರೆ ಮನೆಯ ಗೇಟು ಕಾಣುತ್ತಿದೆ, ಆದರೆ ಸಿಗ್ನಲ್ ಕೆಂಪು. ಎಂಥ ಚಡಪಡಿಕೆ! ಸ ಬಂದಾಗ ಚಪ್ಪಲಿ ಬಿಟ್ಟು ಫ್ಯಾನ್ ಹಾಕಿಕೊಂಡು ಕೂತ ಸುಖ.

ಇದನ್ನು ಬೇರೆ ಬೇರೆ ಶ್ರುತಿಗಳಲ್ಲಿ ಬೆರಳಿಗೆ ಕೂರಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯಿತು. ಆಮೇಲೆ ಒಂದು ಶನಿವಾರ ಟೀಚರ್ ಸಬ್‌ಸ್ಟಿಟ್ಯೂಷನ್ ತೋರಿಸಿದರು. ಅಂದರೆ ಬರಬೇಕಾದ ಕಾರ್ಡನ್ನು ಬಿಟ್ಟು ಅದರ ಜಾಗದಲ್ಲಿ ಬೇರೊಂದನ್ನು ಕೂರಿಸುವುದು. ಪ ತೆಗೆದರು. ಅಲ್ಲಿ ಶುದ್ಧ ರಿಷಭದ, ಅಂದರೆ ಸ ಗೂ ಆ ರಿ ಗೂ ನಡುವಿನ ಸ್ವರದ, ಕಾರ್ಡ್ ಇಟ್ಟರು.

ಸಂಗೀತ ಗೊತ್ತಿದ್ದವರಿಗೆ ಇದು ಎಂಥ ಅಧಿಕಪ್ರಸಂಗ ಅಂತ ಗೊತ್ತಾಗುತ್ತದೆ. ಪ ಎಲ್ಲಿ, ಶುದ್ಧ ರಿಷಭ ಎಲ್ಲಿ? ಆದರೆ ಕೇಳಿದರೆ ಸೊಗಸು! ಎಡಗೈ ರಿ, ಅದರ ಕೆಳಗಿನ ಶುದ್ಧ ರಿ, ಅದರ ಕೆಳಗೆ ಸ ಎಂದು ಒಂದೊಂದೇ ಮೆಟ್ಟಿಲು ಇಳಿದು ಮನೆ ಸೇರಿತು. ಎರಡೂ ಕಾರ್ಡಿನಲ್ಲಿ ಮ ಮತ್ತು ನಿ ಹಾಗೇ ಉಳಿಯುತ್ತವೆ, ಮನೆಗೆ ಎಳೆದೊಯ್ಯುವುದು ಆ ಎರಡೇ ಸ್ವರ, ಉಳಿದದ್ದು ಏನಾದರೇನು ಎಂದರು ಟೀಚರ್. ನನಗೆ ಹಲಸೂರಿನ ಆಟೋದವರು ನೆನಪಾದರು. ಮೇನ್ ರೋಡ್ ಅಗೆದಿದ್ದರೆ ಅವರು ಜೋಗುಪಾಳ್ಯದ ಗಲ್ಲಿಗಳಲ್ಲಿ ನುಗ್ಗಿಸುತ್ತಾರೆ. ನಾವು ಗಾಬರಿಯಾಗಿ "ಎಲ್ಲಿಗ್ರೀ ಕರ್ಕೊಂಡ್ ಹೋಗ್ತಿದೀರಾ?" ಅನ್ನುವಷ್ಟರಲ್ಲಿ ಮನೆ ಮುಂದೆ ಇರುತ್ತೇವೆ.

ಇಷ್ಟಾದರೂ ನನಗೆ ಅದೊಂದು ಚಮತ್ಕಾರವಾಗಿಯೇ ಕಂಡಿತ್ತು. ಬದುಕಿಗೆ ಬೇಕಾದದ್ದು ಅನ್ನಿಸಿರಲಿಲ್ಲ. ಹಾಗೆ ಅನ್ನಿಸಿದ್ದು ನಸೀಮಾ ಆಪಾ ವಿಷಯದಲ್ಲಿ.

ನಸೀಮಾ ಆಪಾ ನನ್ನ ಸಹಪಾಠಿ. ಫ್ರೇಜರ್ ಟೌನಿನವರು, ನನಗಿಂತ ಹಿರಿಯರು, ಅದಕ್ಕೇ ಆಪಾ, ಅಂದರೆ ಅಕ್ಕ. ಶಿವಾಜಿನಗರದಲ್ಲಿ ಮನೆಯವರದ್ದೇ ಕರ್ಟನ್ ಬಟ್ಟೆಯ ಅಂಗಡಿ ಇದೆ, ದಿನಾ ಅಲ್ಲಿ ಕೂರುತ್ತಾರೆ. ಅವರು ನುಡಿಸುವುದಿಲ್ಲ, ಹಾಡುತ್ತಾರೆ. ಅಲ್ಲ, ಹಾಡುತ್ತಿದ್ದರು. ಕಳೆದ ವರ್ಷ ಥೈರಾಯ್ಡ್ ಆಪರೇಷನ್ ಆಯಿತು. ದನಿ ಉಳಿಯಿತು, ಮೇಲಿನ ಸ್ವರಗಳು ಹೋದವು.

ಅವರ ಮನೆತನದಲ್ಲಿ ಒಂದು ಹಾಡಿದೆ. ಆಪಾ ಅವರ ನಾನಿ, ಅಂದರೆ ತಾಯಿಯ ತಾಯಿ, ಕಟ್ಟಿದ್ದು. ಆ ಮನೆಯ ಹೆಣ್ಣುಮಕ್ಕಳ ಮದುವೆಗೆ ಮೊದಲು, ಮೆಹಂದಿಯ ದಿನ, ಮನೆಯ ಹಿರಿಯ ಹೆಂಗಸು ಅದನ್ನು ಹಾಡಲೇಬೇಕು. ನೀನು ಹೋಗುವ ಮನೆಯ ಬಾಗಿಲು ಎತ್ತರವಾಗಿರಲಿ, ಎಂದೂ ನೀನು ತಲೆ ತಗ್ಗಿಸಿ ಒಳಗೆ ಹೋಗುವಂತಾಗದಿರಲಿ ಎಂದು ಅದರ ಅರ್ಥ. 'ಊಂಚಾ' (ಎತ್ತರ) ಎನ್ನುವ ಮಾತಿನ ಮೇಲೆ ರಾಗ ಸರ್ರನೆ ಮೇಲೇರಿ ತಾರಸ್ಥಾಯಿಯ ರಿಷಭದಲ್ಲಿ ನಿಂತು, ಆಮೇಲೆ ಸ ಗೆ ಇಳಿಯುತ್ತದೆ.

ಈ ಸಲ ಮದುವೆ ತಂಗಿಯ ಮಗಳು ಸನಾಳದ್ದು. ಆಪಾ ಕೈಯಲ್ಲೇ ಬೆಳೆದ ಹುಡುಗಿ. "ನನ್ ಹಳೇ ರೆಕಾರ್ಡಿಂಗ್ ಇದೆ, ಅದನ್ನೇ ಹಾಕೋಣ" ಎಂದು ಆಪಾ ಹೇಳಿದರೆ ಅವಳು ಒಪ್ಪಲಿಲ್ಲ. "ಖಾಲಾ, ನೀವು ಹಾಡ್ದೇ ಇದ್ರೆ ನಾನು ಮೆಹಂದಿನೇ ಹಾಕಿಸ್ಕೊಳ್ಳಲ್ಲ" ಎಂದು ಕೂತಳಂತೆ.

ಹಾಗಾಗಿ ಆಪಾ ಟೀಚರ್ ಬಳಿ ಬಂದರು. ಟೀಚರ್ ಆ ಹಾಡಿಗೆ ಜಾಝ್ ಕಾರ್ಡುಗಳನ್ನು ಹೊಂದಿಸಿದರು. ಮೆಹಂದಿಯ ಮಧ್ಯಾಹ್ನ ಟೀಚರಿಗೆ ಚರ್ಚಿನಲ್ಲಿ ಬೇರೊಂದು ಮದುವೆಗೆ ಆರ್ಗನ್ ನುಡಿಸುವ ಕೆಲಸ. ಮೆಹಂದಿಗೆ ಹೆಂಗಸರಷ್ಟೇ ಸೇರುವುದರಿಂದ ಯಾವುದಾದರೂ ಬ್ಯಾಂಡಿನ ಹುಡುಗರನ್ನು ಕರೆಯುವಂತಿಲ್ಲ. ಉಳಿದವಳು ಯಾರು? ನಾನು!

ಮೊದಲ ರಿಹರ್ಸಲ್. ಆಪಾ ಕೆಳಗಿನ ಸ್ಥಾಯಿಯ ಮೊದಲ ಸಾಲನ್ನು ಬಲು ಚಂದ ಹಾಡಿದರು. 'ಊಂಚಾ' ಬಂತು. ನಾನು ಕಲಿತಂತೆ ಪ ಕಾರ್ಡ್ ಒತ್ತಿದೆ. ಆಪಾ ರಿಷಭಕ್ಕೆ ಏರಿದರು, ಎಟುಕಲಿಲ್ಲ, ಅರ್ಧ ಸ್ವರ ಕೆಳಗೆ ಶುದ್ಧ ರಿಷಭದಲ್ಲಿ ನಿಂತರು. ಕಿವಿಗೆ ಕಟುವಾಗಿ ಬಡಿಯಿತು.

"ಆಪಾ, ರಿಷಭ ತಗ್ಗಿತು" ಎಂದೆ. ಸೀನಿಯರ್ ಪಾಸಾದವಳಲ್ಲವೇ?

ಮತ್ತೆ ಹಾಡಿದರು, ಮತ್ತೆ ಅಲ್ಲೇ ನಿಂತರು. ಮತ್ತೆ ಹೇಳಿದೆ. ಶ್ರುತಿಯನ್ನೇ ಇಳಿಸಿ ನೋಡಿದೆವು, ಮೊದಲ ಸಾಲು ಪಾತಾಳಕ್ಕೆ ಹೋಗಿ ಕೇಳಿಸದೇ ಹೋಯಿತು. ಆಪಾ ಬ್ಯಾಗಿನ ಜಿಪ್ ಎಳೆದರು.

"ನಕ್ಕೋ, ಬ್ಯಾಡ ಸುಮಾ. ರೆಕಾರ್ಡಿಂಗೇ ಹಾಕ್ಬಿಡ್ಲಿ. ಮಗು ಮದ್ವೆ, ಅಲ್ಲಿ ನನ್ ಗಂಟ್ಲು ಅಳೋದು ಬ್ಯಾಡ."

ಅವರ ಕಣ್ಣು ತುಂಬಿತ್ತು. ಟೀಚರ್ ಮಾತ್ರ ಆಪಾ ಕಡೆ ನೋಡಲೇ ಇಲ್ಲ, ನನ್ನ ಎಡಗೈ ನೋಡುತ್ತಿದ್ದರು.

"ಅಲ್ಲಿ ಏನ್ ನುಡಿಸ್ದೆ?"

"ಪ. ನೀವೇ ಹೇಳಿಕೊಟ್ಟಿದ್ದು."

"ಅದು ಅವ್ರು ರಿ ಹಾಡ್ವಾಗ. ಈಗ ಅವ್ರು ಎಲ್ಲಿ ನಿಲ್ತಿದಾರೆ? ಪ್ರತಿ ಸಲ ಅಲ್ಲೇ ನಿಲ್ತಿದಾರಲ್ಲ? ಗಟ್ಟಿಯಾಗಿ ನಿಲ್ತಿದಾರೆ. ನೀನ್ಯಾಕೆ ಇನ್ನೂ ಪ ಹಿಡ್ಕೊಂಡು ಕೂತಿದೀಯಾ?"

ಆಗ ತಲೆಗೆ ಹೋಯಿತು. ಶುದ್ಧ ರಿಷಭದ ಕಾರ್ಡ್! ಆಪಾರನ್ನು ಬೇಡಿಕೊಂಡು ಮತ್ತೊಮ್ಮೆ ಹಾಡಿಸಿದೆವು. ಅವರು ಏರಿದರು, ಅದೇ ಜಾಗದಲ್ಲಿ ನಿಂತರು, ನನ್ನ ಎಡಗೈ ಅವರ ಕೆಳಗೆ ಬಂದು ನಿಂತಿತು. ತಪ್ಪಾಗಿದ್ದ ಸ್ವರವೇ ಈಗ ಇಡೀ ಕಾರ್ಡಿನ ಬುಡ. ಅಲ್ಲಿಂದ ಇಬ್ಬರೂ ಒಟ್ಟಿಗೆ ಒಂದು ಮೆಟ್ಟಿಲು ಇಳಿದು ಸ ಸೇರಿದೆವು. ಹಾಡು ಮೊದಲಿಗಿಂತ ಸ್ವಲ್ಪ ವಿಷಾದ ಬೆರೆತು, ಇನ್ನೂ ಆಪ್ತವಾಗಿ ಕೇಳಿಸಿತು.

ಆಪಾ ಬ್ಯಾಗನ್ನು ಮತ್ತೆ ಕೆಳಗಿಟ್ಟರು. ಆಮೇಲೆ ಅಂಗಡಿಯ ದನಿಯಲ್ಲಿ ಕೇಳಿದರು: "ಕರ್ಟನ್ ಗಿಡ್ಡ ಬಂದ್ರೆ ನಾವು ರಾಡ್ ಸ್ವಲ್ಪ ಕೆಳಗಿಳಿಸಿ ಹೊಡೀತೀವಿ. ಇಷ್ಟೇನಾ ನಿಮ್ ಜಾಝ್?"

"ಇಷ್ಟೇ" ಎಂದರು ಟೀಚರ್.

ಮೆಹಂದಿಯ ದಿನ ಫ್ರೇಜರ್ ಟೌನಿನ ಹಾಲ್ ತುಂಬಿತ್ತು. ಗಂಡಸರೆಲ್ಲ ಹೊರಗೆ ಬಿರಿಯಾನಿಯ ದೇಗ್ಚಿಗಳ ಕಾವಲಿಗೆ. ಒಳಗೆ ಅತ್ತೆಯರು, ಖಾಲಾಗಳು, ಸೊಸೆಯರು, ಒಬ್ಬರ ಮಾತು ಒಬ್ಬರಿಗೆ ಕೇಳದ ಗದ್ದಲ. ಮೆಹಂದಿ ಹಾಕುವ ಹುಡುಗಿ ನನ್ನ ಕೈಯನ್ನೂ ಹಿಡಿದೆಳೆದಳು. ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕೀಬೋರ್ಡ್ ಬಳಿ ಓಡಿದೆ.

ಆಪಾ ಸನಾಳ ಪಕ್ಕ ಕೂತು ಶುರು ಮಾಡಿದರು. ಗದ್ದಲ ತಾನಾಗಿ ನಿಂತಿತು. 'ಊಂಚಾ' ಬಂತು. ಆಪಾ ತಮ್ಮ ಸ್ವರದಲ್ಲಿ ನಿಂತರು, ನಾನು ಅವರ ಕೆಳಗೆ ನಿಂತೆ. ಆಪಾ ಮುಚ್ಚಿದ್ದ ಕಣ್ಣು ಬಿಟ್ಟು ನನ್ನ ಕಡೆ ನೋಡಿದರು. ಆ ನೋಟಕ್ಕೆ ನಾನು ತಿಪ್ಪಸಂದ್ರದಿಂದ ದಿನಾ ಬೇಕಾದರೂ ಹೋಗಿಬರುತ್ತೇನೆ.

ಆದರೆ ಒಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಅವರಿಗೆಲ್ಲ ಎಷ್ಟು ಸಹಜವೆಂದರೆ ಹೇಳಬೇಕೆಂದು ಹೊಳೆದೇ ಇಲ್ಲ. ಹಿರಿಯರು ಸಾಲನ್ನು ಒಮ್ಮೆ ಹಾಡಿದ ಮೇಲೆ, ಸೇರಿದ ಹೆಂಗಸರೆಲ್ಲ ಅದನ್ನೇ ತಿರುಗಿ ಹಾಡುತ್ತಾರೆ!

ಹಾಲಿನ ತುಂಬ ದನಿ ಎದ್ದಿತು. ಇವರೆಲ್ಲ ಹುಟ್ಟಿದಾಗಿನಿಂದ ಕೇಳಿದ್ದು ಹಳೆಯ ರಿಷಭ. ಈಗ ಅದಕ್ಕೇ ಏರುತ್ತಾರೆ. ನಾನು ಶುದ್ಧ ರಿಷಭ ಹಿಡಿದರೆ ಎಲ್ಲ ಚೆಲ್ಲಾಪಿಲ್ಲಿ. ಪ ಗೆ ಹೋದರೆ ಅವರೆಲ್ಲ ಸರಿ, ಆಪಾ ಒಬ್ಬರೇ ತಪ್ಪು, ಅದೂ ಸನಾ ಮುಂದೆ. ಯಾವುದನ್ನು ಒತ್ತಲಿ? 'ಊಂಚಾ' ಹತ್ತಿರ ಬರುತ್ತಿತ್ತು. ಯೋಚನೆ ಬಿಟ್ಟು ಶುದ್ಧ ರಿಷಭವನ್ನೇ ಒತ್ತಿದೆ.

ಎಲ್ಲರಿಗಿಂತ ಮುಂಚೆ ಒಂದು ದನಿ ಆ ಜಾಗಕ್ಕೆ ಬಂತು. ಸನಾ. ಮದುಮಗಳು ಈ ಹಾಡು ಹಾಡುವ ಪದ್ಧತಿಯಿಲ್ಲ, ತಲೆ ತಗ್ಗಿಸಿ ಕೇಳಬೇಕಷ್ಟೆ. ಅವಳು ಹಸಿ ಮೆಹಂದಿಯ ಎರಡೂ ಕೈ ಗಾಳಿಯಲ್ಲಿ ಹಿಡಿದುಕೊಂಡು, ತಲೆ ಎತ್ತಿ, ಖಾಲಾ ಎಲ್ಲಿ ನಿಂತಿದ್ದರೋ ಸರಿಯಾಗಿ ಅಲ್ಲೇ ನಿಂತಳು. ಆಮೇಲೆ ಅವಳ ತಾಯಿ. ಆಮೇಲೆ ಹಾಲಿಗೆ ಹಾಲೇ. ಒಬ್ಬರೂ ಹಳೆಯ ರಿಷಭಕ್ಕೆ ಹೋಗಲಿಲ್ಲ. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ನಾನು ಅಳುತ್ತಲೇ ನುಡಿಸಿದೆ, ಸೆರಗಿನಲ್ಲಿ ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಊಟದ ಹೊತ್ತಿಗೆ ಟೀಚರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಹಾಗಾದ್ರೆ ನನ್ ಕಾರ್ಡೇ ಬೇಕಾಗಿರ್ಲಿಲ್ಲ ಅನ್ನು" ಎಂದು ನಕ್ಕರು.

ಬೇಕಿತ್ತು ಟೀಚರ್. ಆಪಾ ಮೊದಲ ಸಲ ಅಲ್ಲಿ ನಿಲ್ಲಲು ಕೆಳಗೆ ಏನಾದರೂ ಬೇಕಿತ್ತು.

ನಾವು ಮನೆಯಲ್ಲಿ ಏನು ಮಾಡುತ್ತೇವೆ ಹೇಳಿ. ವಯಸ್ಸಾದ ಅಪ್ಪ ಹೇಳಿದ ಕಥೆಯನ್ನೇ ಹೇಳಿದರೆ "ಆಗ್ಲೇ ಹೇಳಿದ್ರಿ" ಅನ್ನುತ್ತೇವೆ. ಮಗಳ ಚಪಾತಿ ಸೊಟ್ಟಗಾದರೆ ನಕ್ಷೆ ಬರೆದಿದ್ದೀಯಾ ಎಂದು ಕೇಳುತ್ತೇವೆ. ಅವರು ನಿಂತ ಜಾಗ ನಮ್ಮ ಕಣ್ಣಿಗೆ ತಟ್ಟನೆ ಬೀಳುತ್ತದೆ. ನಮ್ಮ ಎಡಗೈ ಎಲ್ಲಿದೆ ಎಂದು ನೋಡಿಕೊಳ್ಳುವುದೇ ಇಲ್ಲ. ಮರ್ಸಿ ಟೀಚರ್ ಅಂಥವರು ನೋಡುತ್ತಾರೆ, ಅದಕ್ಕೇ ಅವರನ್ನು ಕಂಡರೆ ನನಗೆ ಇಷ್ಟೊಂದು ಗೌರವ. ಸನಾಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಹಿರಿಯರೇ ಹಾಡಬೇಕೆಂಬ ಪದ್ಧತಿ ಇದ್ದರೂ, ಮನೆತನದ ಮುಂದಿನ ಮದುವೆಗೆ ಹಾಡುವವಳು ಸನಾಳೇ ಆಗಬೇಕೆಂದು ಆಪಾ ಈಗಲೇ ಹೇಳಿಬಿಟ್ಟಿದ್ದಾರೆ. ಅವಳ ಗಂಟಲು ಚೆನ್ನಾಗಿದೆ, ಬೇಕಾದಷ್ಟು ಮೇಲೆ ಹೋಗುತ್ತದೆ. ಹಾಗಿದ್ದರೆ ಹಳೆಯ ರಿಷಭ ವಾಪಸ್ ಬರುತ್ತದಲ್ಲವೇ ಎಂದು ಸನಾಳನ್ನೇ ಕೇಳಿದೆ.

"ಯಾವ ಹಳೇದು ಆಂಟಿ?" ಎಂದಳು. "ಖಾಲಾ ಹಾಡಿದ್ದೇ ನಮ್ ಹಾಡು."

ಈಗ ನೀವೇ ಹೇಳಿ, ಅವತ್ತು ರಿಹರ್ಸಲ್‌ನಲ್ಲಿ ತಗ್ಗಿದ್ದು ಯಾರು?