ಒಂದಕ್ಷರ ತಿದ್ದುವ ಕಿಣ್ವ ಮತ್ತು ನನ್ನ ಸೊಸೆ

ಬೀದರಿಗೆ ಬಂದ ಮರುದಿನ ಬೆಳಿಗ್ಗೆ ನೋಡುತ್ತೇನೆ, ನೀರಿನ ಟ್ಯಾಂಕರಿಗೆಂದು ಓಣಿಯಲ್ಲಿ ಪಾಳಿ ಹಚ್ಚಿ ನಿಂತವರು ಮನುಷ್ಯರೇ ಅಲ್ಲ. ಒಂದು ಹರಿದ ಚಪ್ಪಲಿ, ಒಂದು ಇಟ್ಟಂಗಿ, ತಳ ಒಡೆದ ಬಕೀಟು, ಮತ್ತೊಂದು ಚಪ್ಪಲಿ. ಔರಾದ ತಾಲ್ಲೂಕಿನ ನಮ್ಮೂರಲ್ಲಿ ಬಾವಿಯ ಪಾಳಿ ಎಂದರೆ ಕೊಡ ಹಿಡಿದ ಹೆಂಗಸರು, ಅವರ ಮಾತು, ಅವರ ಜಗಳ. ಇದೆಂಥ ಕಸ ಎಂದುಕೊಂಡು ಇಟ್ಟಂಗಿಯನ್ನು ಎತ್ತಿ ಗೋಡೆಗಿಟ್ಟು, ಆ ಜಾಗದಲ್ಲಿ ನನ್ನ ಕೊಡ ಇಟ್ಟೆ. ಅದು ನಮಗೆ ಖೋಲಿ ಬಾಡಿಗೆ ಕೊಟ್ಟ ರಾಬಿಯಾ ಬೀಬಿಯ ಇಟ್ಟಂಗಿ. ಅಂದರೆ ಆಕೆಯ ಪಾಳಿ.

ಬೀಬಿ ದಖನಿ ಉರ್ದುವಿನಲ್ಲಿ ಬೈಯತೊಡಗಿದಳು. ಸಂತೆಯಲ್ಲಿ ಕಲಿತ ದಖನಿ ನನಗೂ ಅಷ್ಟಿಷ್ಟು ಬರುತ್ತಿತ್ತು, ಆದರೆ ಆಕೆಯ ವೇಗಕ್ಕೆ ಅದು ಸಾಲಲಿಲ್ಲ. ನಾನು ಕನ್ನಡದಲ್ಲೇ ಸೊಸೆಗೆ ಹೇಳಿದೆ.

“ಇಟ್ಟಂಗಿಗಿ ನೀರಡಿಕಿ ಆಗ್ತದೇನು, ಕೇಳ ಆಕಿಗಿ.”

ಸೊಸೆ ಸುಮಿತ್ರಾ ನಮ್ಮಿಬ್ಬರ ನಡುವೆ ಬಂದು ನಿಂತು ಬೀಬಿಗೆ, “ನಯೇ ಹೈಂ ಖಾಲಾ, ಮಾಲೂಮ್ ನೈ” ಎಂದಳು. ಹೊಸಬರು ಚಿಕ್ಕಮ್ಮ, ಗೊತ್ತಿಲ್ಲ ಎಂದು. ಬೀಬಿ ತಣ್ಣಗಾದಳು. ತನ್ನ ಹಿಂದೆಯೇ ನನ್ನ ಕೊಡಕ್ಕೂ ಜಾಗ ಮಾಡಿಕೊಟ್ಟಳು.

“ನಾ ಅಂದದ್ದ ಹೇಳಿದೇನು?” ಎಂದು ಕೇಳಿದೆ.

“ಹ್ಞೂಂ ಅತ್ತಿ. ಒಂದೀಟ ತಿದ್ದಿ ಹೇಳಿದೆ.”

ಅದು ಬರದ ಕಾಲ. ಊರಿನ ಎಷ್ಟೋ ಮಂದಿ ಕೂಲಿಗೆಂದು ಪುಣೆ, ಹೈದರಾಬಾದಿನ ದಾರಿ ಹಿಡಿದಿದ್ದರು. ಅವರ ನಡುವೆ ನಾನು, ಸುಮಿತ್ರಾ, ಸಾಲಿ ಕಲಿಯುವ ಮೊಮ್ಮಗಳು ಪಲ್ಲವಿ ಗಂಟು ಕಟ್ಟಿದ್ದು ಯಾರಿಗೂ ವಿಶೇಷ ಅನಿಸಲಿಲ್ಲ. ನಾವು ಊರು ಬಿಟ್ಟದ್ದು ನೀರಿಗಾಗಿ ಅಲ್ಲ, ಜನರ ಮಾತಿಗಾಗಿ. ನನ್ನ ಮಗ ಆನಂದನ ಕೈಗಳು ಒಣಗುತ್ತ ಬಂದವು. ರೊಟ್ಟಿ ಮುರಿಯಲಾಗದಾಯಿತು, ಆಮೇಲೆ ಮಾತು ಹೋಯಿತು, ಕಡೆಗೆ ಉಸಿರು. ಡಾಕ್ಟರು ನರದ ರೋಗ ಎಂದರು. ಊರು ಭಾನಾಮತಿ ಎಂದಿತು, ಮಾಟ. ಮಾಡಿದವಳು ಹೆಂಡತಿಯೇ ಎಂದೂ ಹೇಳಿತು. ಆ ಮಾತನ್ನು ಮೊದಲು ಆಡಿದವಳು ನನ್ನ ನೆಗೆಣಿ, ನನ್ನ ಗಂಡನ ಅಣ್ಣನ ಹೆಂಡತಿ ತಾರಾಬಾಯಿ.

ಊರಲ್ಲಿ ನನ್ನನ್ನು ದೂರದಿಂದಲೇ ಗುರುತು ಹಿಡಿದು ಕರೆಯುತ್ತಿದ್ದರು. ಇಲ್ಲಿ ಇಡೀ ದಿನ ಕಟ್ಟೆಯ ಮೇಲೆ ಕುಳಿತರೂ ಯಾರವ್ವ ನೀನು ಎನ್ನುವವರಿಲ್ಲ. ನನಗೆ ಅದು ಸಂಕಟ. ಸುಮಿತ್ರಾಳಿಗೆ ಅದೇ ಮದ್ದು. ಯಾರೂ ಗುರುತಿಸದ ಓಣಿಯಲ್ಲಿ ಅವಳು ತಲೆಯೆತ್ತಿ ನಡೆಯಲು ಕಲಿತಳು. ವಸತಿ ನಿಲಯವೊಂದರಲ್ಲಿ ಜೋಳದ ರೊಟ್ಟಿ ಬಡಿದು ಮಗಳನ್ನು ಓದಿಸಿದಳು. ನಾನೂ ಕಲಿತೆ. ಒಂದು ಒಳ್ಳೆಯ ಇಟ್ಟಂಗಿ ಆರಿಸಿ ತಂದು ಪಾಳಿಗೆ ಇಟ್ಟ ದಿನ ಬೀಬಿ ನನಗೆ ಖಟ್ಟಾ ದಾಲ್ ಕಳಿಸಿದಳು. ಹುಣಸೆಹುಳಿ ಹಿಂಡಿದ ಬೇಳೆ ಅದು. ನಮ್ಮ ಬ್ಯಾಳಿಯಷ್ಟು ಗಟ್ಟಿಯಲ್ಲ, ಆದರೂ ಬಟ್ಟಲು ನೆಕ್ಕಿದೆ.

ಪಲ್ಲವಿ ಕಾಲೇಜು ಮುಗಿಸಿದಳು, ಹೈದರಾಬಾದಿನ ದೊಡ್ಡ ಪ್ರಯೋಗಾಲಯ ಸೇರಿದಳು. ರಜೆಗೆ ಬಂದಾಗ ಅಲ್ಲೇನು ಮಾಡ್ತಿ ಎಂದು ಕೇಳಿದೆ.

“ಆಯಿ, ಜೀವಕೋಶದಾಗ ಮೂಲ ಪುಸ್ತಕ ಒಂದ ಇರ್ತದ. ಅದು ಮನಿ ಬಿಟ್ಟು ಹೊರಗ ಬರಲ್ಲ. ಅದರ ನಕಲು ತಗದು ಕೆಲಸಕ್ಕ ಕಳಸ್ತದ. ಆ ನಕಲಿಗಿ ಆರ್‌ಎನ್‌ಎ ಅಂತಾರ. ಎಡಾರ್ ಅನ್ನೋ ಕಿಣ್ವ ಆ ನಕಲಿನಾಗ ಒಂದಕ್ಷರ ತಿದ್ದತದ. ಮೂಲಕ್ಕ ಕೈ ಹಚ್ಚಲ್ಲ.”

“ಯಾಕ, ಮೂಲದಾಗ ತಪ್ಪು ಅದ ಏನು?”

“ತಪ್ಪಲ್ಲ. ಇದ್ದಂಗ ಕಳಸಿದ್ರ ಬೆಂಕಿ ಹತ್ತತದ. ನೀ ಬೈದದ್ದ ಅವ್ವ ಬೀಬಿಗಿ ಮುಟ್ಟಸ್ತಾಳಲ್ಲ, ಹಂಗ.”

ಸುಮಿತ್ರಾ ಒಲೆಯ ಮುಂದೆ ಕುಳಿತು ನಕ್ಕಳು. ನನ್ನ ಮಾತು ಅಷ್ಟು ಖಾರವೇ ಎಂದು ಕೇಳಿದೆ. ಪಲ್ಲವಿ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮೊನ್ನೆ ಭಾಲ್ಕಿಯ ಕಾಲೇಜೊಂದು ಪಲ್ಲವಿಯನ್ನು ಉಪನ್ಯಾಸಕ್ಕೆ ಕರೆಸಿತ್ತು. ನಾನೂ ಸುಮಿತ್ರಾಳೂ ಹೋದೆವು. ನೋಡಿದರೆ ಎರಡನೆಯ ಸಾಲಿನಲ್ಲಿ ತಾರಾಬಾಯಿ. ಅವಳ ಕಿರಿಯ ಮೊಮ್ಮಗಳು ಅಲ್ಲೇ ಓದುತ್ತಾಳೆ. ಹಿರಿಯ ಮೊಮ್ಮಗಳ ಕೂಸು ಅವಳ ತೊಡೆಯ ಮೇಲಿತ್ತು. ಸುಮಿತ್ರಾ ಎದ್ದು ಹಿಂದೆ ಹೋಗಲು ನೋಡಿದಳು. ನಾನು ಕೈ ಹಿಡಿದು ಕೂರಿಸಿದೆ.

ನನ್ನ ಮೊಮ್ಮಗಳು ಮೈಕಿನ ಮುಂದೆ ನಿಂತು ಕನ್ನಡದಲ್ಲಿ ಹೇಳಿದಳು. ನರಕೋಶದ ಒಂದು ಬಾಗಿಲನ್ನು ಕಟ್ಟುವ ನಕಲಿನಲ್ಲಿ ಆ ಅಕ್ಷರ ತಿದ್ದುಪಡಿ ಆಗಲೇಬೇಕಂತೆ. ಆಗದಿದ್ದರೆ ಕ್ಯಾಲ್ಸಿಯಂ ಅಳತೆ ಮೀರಿ ಒಳಗೆ ನುಗ್ಗಿ, ಕೈಕಾಲು ಆಡಿಸುವ ನರಕೋಶ ಸಾಯುತ್ತದಂತೆ. ಕೈ ಒಣಗುವ ಆ ರೋಗ ಬಂದ ಅನೇಕರಲ್ಲಿ ಈ ಕಿಣ್ವ ಕಡಿಮೆಯಾದದ್ದು ಕಂಡಿದೆಯಂತೆ. ನಾಲ್ಕನೆಯ ಇಯತ್ತೆ ಓದಿದವಳು ನಾನು, ಅದರಲ್ಲಿ ಅರ್ಧ ತಿಳಿಯಿತು. ಆದರೆ ದೊಡ್ಡ ದೊಡ್ಡ ಮೇಷ್ಟ್ರುಗಳು ಅವಳ ಮಾತು ಬರೆದುಕೊಳ್ಳುವುದು ಪೂರ್ತಿ ಕಂಡಿತು. ಇವಳು ನನ್ನ ಮೊಮ್ಮಗಳು ಎಂದು ಪಕ್ಕದ ಕುರ್ಚಿಯವರಿಗೆ ಹೇಳಿದೆ. ಅವರು ಆಗಲೇ ಹೇಳಿದಿರಿ ಎಂದರು.

ಪ್ರಶ್ನೆ ಕೇಳಬಹುದು ಎಂದಾಗ ತಾರಾಬಾಯಿ ಎದ್ದು ನಿಂತಳು.

“ನಿಮ್ಮಪ್ಪಗ ಆದದ್ದೂ ಇದೇ ಏನವ್ವ?”

ಸಭೆ ಪಲ್ಲವಿಯ ಕಡೆ ನೋಡಿತು. ಹೌದು ಎಂದುಬಿಟ್ಟಿದ್ದರೆ ಸುಲಭವಿತ್ತು.

“ಹೇಳಾಕ ಬರಲ್ಲ ದೊಡ್ಡಾಯಿ. ಆವಾಗ ಯಾರೂ ಅದನ್ನ ನೋಡಿಲ್ಲ. ಕಿಣ್ವ ಯಾಕ ಕಡಿಮಿ ಆಗ್ತದ ಅನ್ನೋದೂ ನಮಗ ಪೂರ್ತಿ ಗೊತ್ತಿಲ್ಲ. ವಾಸಿ ಮಾಡೋ ಔಷಧ ಇನ್ನೂ ಇಲ್ಲ. ಆದ್ರ ಅಪ್ಪಗ ಬಂದದ್ದು ನರದಾಗಿನ ರೋಗ. ಯಾರೂ ಮಾಡಿ ಹಾಕಿದ್ದಲ್ಲ. ನಮ್ಮವ್ವ ಏನೂ ಮಾಡಿಲ್ಲ.”

ಕಡೆಯ ಮಾತು ಮೈಕಿನಲ್ಲಿ ಕಾಲೇಜಿನ ಗೇಟಿನವರೆಗೂ ಕೇಳಿಸಿರಬೇಕು.

ಚಹಾದ ಹೊತ್ತಿಗೆ ತಾರಾಬಾಯಿ ನಮ್ಮ ಹತ್ತಿರ ಬಂದಳು. ಊರಲ್ಲಿ ಸುಮಿತ್ರಾ ಎದುರಾದರೆ ಕೆಟ್ಟ ಕಣ್ಣು ತಾಗೀತೆಂದು ಕೂಸುಗಳ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದವಳು ಇವಳೇ. ಈಗ ಕೂಸನ್ನು ಎತ್ತಿ ಸುಮಿತ್ರಾಳ ಮಡಿಲಿಗೆ ಹಾಕಿದಳು.

“ಹಿಡಿ ಇವನ್ನ. ನನ್ನ ಚಾ ಆರ್ತದ.”

ಅಷ್ಟೇ. ತಪ್ಪಾಯಿತು ಎಂದು ಅವಳು ಹೇಳಲಿಲ್ಲ, ಸುಮಿತ್ರಾ ಕೇಳಲೂ ಇಲ್ಲ. ಕೂಸು ಸುಮಿತ್ರಾಳ ಕಿವಿ ಹಿಡಿದು ಜಗ್ಗಿತು. ಅವಳು ಬಿಡಿಸಿಕೊಳ್ಳಲಿಲ್ಲ.

ಚಹಾ ಮುಗಿಸಿ ತಾರಾಬಾಯಿ ನನ್ನ ಕಡೆ ತಿರುಗಿದಳು. “ಇನ್ನ ಊರಿಗಿ ಯಾವಾಗ ಬರ್ತೀರಿ?”

ಈ ಒಂದು ಮಾತಿಗಾಗಿ ಎಷ್ಟು ವರ್ಷ ಕಾದಿದ್ದೆನೋ. ಇವತ್ತೇ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, “ಹಬ್ಬಕ್ಕ ಬಂದು ಹೋಗ್ತೇವಕ್ಕ.”

ಬಂದು ಹೋಗುತ್ತೇವೆ ಎನ್ನುವುದು ನೆಂಟರು, ಬೀಗರು ಆಡುವ ಮಾತು. ತಾರಾಬಾಯಿ ಗಮನಿಸಿದಳೋ ಇಲ್ಲವೋ, ನಾನು ಗಮನಿಸಿದೆ. ಮಗ ಮಲಗಿರುವ ಮಣ್ಣಿಗೆ ನಾನೀಗ ಬೀಗಿತ್ತಿ.